ಹಕ್ಕಿಯ ಹೆಸರಿನೊಳಗೆ ಯಾರಿದ್ದಾರೆ?

ಬಸ್ಸಿನ ಬೋರ್ಡಿನಲ್ಲಿ ‘ಆರ್.ಟಿ. ನಗರ’ ಎಂದು ಓದಿಕೊಂಡು ದಿನವೂ ಎಷ್ಟೋ ಮಂದಿ ಹತ್ತುತ್ತಾರೆ, ಇಳಿಯುತ್ತಾರೆ. ಆ ಎರಡು ಅಕ್ಷರಗಳ ಹಿಂದೆ ಕವಿ ರವೀಂದ್ರನಾಥ ಟ್ಯಾಗೋರರು ಇದ್ದಾರೆಂಬುದು ಎಷ್ಟು ಜನಕ್ಕೆ ನೆನಪಾಗುತ್ತದೆ? ಹೆಸರು ಬಾಯಲ್ಲಿ ಸವೆದಂತೆಲ್ಲ ವ್ಯಕ್ತಿ ಮರೆಯಾಗುವುದು ಲೋಕರೂಢಿ. ಆರ್.ಟಿ. ನಗರದಾಚೆ ಹೆಬ್ಬಾಳ, ಯಲಹಂಕ, ಹೆಸರಘಟ್ಟಗಳ ಕೆರೆ, ತೋಪು, ಬಯಲುಗಳಲ್ಲಿ ಹಾರಾಡುವ ಹಕ್ಕಿಗಳ ಹೆಸರಿನೊಳಗೂ ಹೀಗೆ ಮರೆತುಹೋದ ಮನುಷ್ಯರಿದ್ದಾರೆ.

ಪ್ರತಿ ಹಕ್ಕಿಗೂ ಎರಡು ಪದಗಳ ಒಂದು ವೈಜ್ಞಾನಿಕ ಹೆಸರುಂಟು. ಮೊದಲ ಪದ ಕುಲವನ್ನು ಹೇಳುತ್ತದೆ. ಎರಡನೆಯದು ಪ್ರಭೇದವನ್ನು ಗುರುತಿಸುವ ಪದ. ಅದು ಬಣ್ಣವನ್ನೋ ಊರನ್ನೋ ಸೂಚಿಸಬಹುದು, ಇಲ್ಲವೇ ಒಬ್ಬ ವ್ಯಕ್ತಿಯನ್ನು ನೆನೆಯಬಹುದು. ಹಕ್ಕಿಯನ್ನು ವಿವರಿಸಿದ ವಿಜ್ಞಾನಿ ಸಾಮಾನ್ಯವಾಗಿ ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದಿಲ್ಲ. ಹಾಗಾದರೆ ಯಾರ ಹೆಸರನ್ನು ಇಡುತ್ತಾನೆ? ಕುತೂಹಲ ಇರುವುದು ಅಲ್ಲೇ.

ಇಬ್ಬರು ಗವರ್ನರುಗಳು

ಯಲಹಂಕದಾಚೆಯ ಕುರುಚಲು ಬಯಲುಗಳಲ್ಲಿ ಗುಂಪುಗಟ್ಟಿ ಗದ್ದಲ ಮಾಡುವ ದೊಡ್ಡ ಬೂದು ಹರಟೆಮಲ್ಲನನ್ನು ನೋಡದವರು ಕಡಿಮೆ. ಇದರ ಹೆಸರು ಆರ್ಗ್ಯಾ ಮಾಲ್ಕಮಿ. ಈ ಮಾಲ್ಕಂ ಯಾರು? 1827ರಿಂದ 1830ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಸರ್ ಜಾನ್ ಮಾಲ್ಕಂ. ಕನ್ನಡ ನಾಡಿಗೆ ಈತ ಹೊಸಬನೇನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ವ್ಯವಸ್ಥೆ ಗೊತ್ತುಮಾಡಲು ನೇಮಿಸಿದ ಆಯೋಗಕ್ಕೆ ಥಾಮಸ್ ಮನ್ರೋ ಜೊತೆ ಈತನೂ ಕಾರ್ಯದರ್ಶಿಯಾಗಿದ್ದ.

ಇನ್ನೂ ಉತ್ತರಕ್ಕೆ ಹೋಗಿ ನಂದಿಬೆಟ್ಟ ಹತ್ತಿದರೆ ಅಲ್ಲಿನ ದಟ್ಟ ಮರಗಳಲ್ಲಿ ನೀಲಗಿರಿ ಕಾಡುಪಾರಿವಾಳ ಕಾಣುತ್ತದೆ. ಪಶ್ಚಿಮಘಟ್ಟದ ಈ ಹಕ್ಕಿ ಬಯಲುಸೀಮೆಯ ಬೆಟ್ಟದಲ್ಲಿ ನೆಲೆಸಿರುವುದೇ ಒಂದು ಸೋಜಿಗ. ಇದರ ಹೆಸರು ಕೊಲಂಬಾ ಎಲ್ಫಿನ್‌ಸ್ಟೋನಿ. ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಎಂಬಾತ ಮಾಲ್ಕಂಗೆ ಮೊದಲು, 1819ರಿಂದ 1827ರವರೆಗೆ ಅದೇ ಮುಂಬಯಿಯ ಗವರ್ನರ್!

ಎರಡು ಹಕ್ಕಿಗಳಿಗೂ ನಾಮಕರಣ ಮಾಡಿದವನು ಒಬ್ಬನೇ. ಆತ ಮುಂಬಯಿ ಸೇನೆಯ ಅಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್. 1824ರಲ್ಲಿ ಎಲ್ಫಿನ್‌ಸ್ಟನ್ ಇವನಿಗೆ ಅಂಕಿ-ಅಂಶ ಕಲೆಹಾಕುವ ಹುದ್ದೆ ಕೊಟ್ಟ. ಜನ, ಬೆಳೆ, ಕಂದಾಯಗಳ ಲೆಕ್ಕಕ್ಕಾಗಿ ದಖ್ಖನ್ ಸುತ್ತಿದ ಸೈಕ್ಸ್ ಹಕ್ಕಿಗಳನ್ನೂ ಕಲೆಹಾಕಿ 1832ರಲ್ಲಿ ಅವುಗಳ ಪಟ್ಟಿ ಪ್ರಕಟಿಸಿದ. ಆ ವೇಳೆಗೆ ಇಬ್ಬರು ಗವರ್ನರುಗಳೂ ಅಧಿಕಾರ ಬಿಟ್ಟಿದ್ದರು. ಆದರೂ ಋಣ ಮರೆಯಲಿಲ್ಲವೇನೋ! ಅದೇ ಪಟ್ಟಿಯಲ್ಲಿ ಒಂದು ಪುಟ್ಟ ಉಲಿಯಕ್ಕಿಗೆ ‘ರಾಮ’ ಎಂದೂ ಜುಟ್ಟಿನ ನೆಲಗುಬ್ಬಿಯೊಂದಕ್ಕೆ ‘ದೇವ’ ಎಂದೂ ಹೆಸರಿಟ್ಟ. ಇಂದಿಗೂ ಆ ಹೆಸರುಗಳು ಇಡ್ಯೂನಾ ರಾಮ, ಗ್ಯಾಲರಿಡಾ ದೇವ ಎಂದೇ ಉಳಿದಿವೆ.

ಸೈಬೀರಿಯಾದ ಕೈದಿ

ಹೆಸರು ಪಡೆದವರೆಲ್ಲ ಅಧಿಕಾರಸ್ಥರಲ್ಲ. ಚಳಿಗಾಲದಲ್ಲಿ ಹೆಸರಘಟ್ಟದ ಹುಲ್ಲುಗಾವಲಿಗೆ ಬರುವ ಪಿಪಿಟ್ ಎಂಬ ಕಂದುಬಣ್ಣದ ಸಣ್ಣ ಹಕ್ಕಿಗಳಲ್ಲಿ ಒಂದರ ಹೆಸರು ಆಂಥಸ್ ಗೊಡ್ಲೆವ್‌ಸ್ಕಿ. ವಿಕ್ತೋರ್ ಗೊಡ್ಲೆವ್‌ಸ್ಕಿ ಪೋಲೆಂಡಿನವನು. 1863ರಲ್ಲಿ ರಷ್ಯಾದ ಆಳ್ವಿಕೆಯ ವಿರುದ್ಧ ನಡೆದ ದಂಗೆಯಲ್ಲಿ ಸೇರಿದ ತಪ್ಪಿಗೆ ಸೈಬೀರಿಯಾಕ್ಕೆ ಗಡೀಪಾರಾದ. ಅಲ್ಲಿ ತನ್ನಂತೆಯೇ ಗಡೀಪಾರಾಗಿದ್ದ ವಿಜ್ಞಾನಿ ದಿಬೋವ್‌ಸ್ಕಿ ಜೊತೆಗೂಡಿ ಬೈಕಲ್ ಸರೋವರದ ಜೀವಿಗಳನ್ನು ಅಭ್ಯಸಿಸಿದ. 1876ರಲ್ಲಿ ವಾರ್ಸಾದ ತಚನೋವ್‌ಸ್ಕಿ ಈ ಹಕ್ಕಿಗೆ ಆತನ ಹೆಸರಿಟ್ಟ. ಮಂಗೋಲಿಯಾ, ಸೈಬೀರಿಯಾಗಳ ಕಡೆಯಿಂದ ಗಡಿಗಳ ಹಂಗಿಲ್ಲದೆ ನಮ್ಮಲ್ಲಿಗೆ ಹಾರಿಬರುವ ಹಕ್ಕಿ, ಒಬ್ಬ ಗಡೀಪಾರಾದವನ ಹೆಸರನ್ನು ಹೊತ್ತು ಬರುತ್ತದೆ!

ಕೊನೆಯ ಅಕ್ಷರದ ಗುಟ್ಟು

ಲ್ಯಾಟಿನ್ ವ್ಯಾಕರಣದ ಒಂದು ಸಣ್ಣ ಸೂತ್ರ ತಿಳಿದಿದ್ದರೆ ಇನ್ನಷ್ಟು ಗುಟ್ಟು ಬಿಚ್ಚುತ್ತದೆ. ವ್ಯಕ್ತಿಯ ಹೆಸರಿನ ಕೊನೆಗೆ ‘ಇ’ ಬಂದರೆ ಸಾಮಾನ್ಯವಾಗಿ ಗಂಡಸು, ‘ಏ’ ಬಂದರೆ ಹೆಂಗಸು. ಜಿ.ಕೆ.ವಿ.ಕೆ.ಯಂಥ ಮರಗಳಿರುವ ಆವರಣಗಳಲ್ಲಿ ಕಾಣುವ ಟಿಕೆಲ್ ನೀಲಿ ನೊಣಹಿಡುಕನನ್ನೇ ನೋಡಿ. ಟಿಕೆಲ್ ಎಂದೊಡನೆ ಸೇನಾಧಿಕಾರಿ ಸ್ಯಾಮ್ಯುಯೆಲ್ ಟಿಕೆಲ್ ಎಂದುಕೊಳ್ಳುತ್ತೇವೆ. ಆದರೆ 1843ರಲ್ಲಿ ಎಡ್ವರ್ಡ್ ಬ್ಲೈತ್ ಇಟ್ಟ ಹೆಸರು ಸಯೋರ್ನಿಸ್ ಟಿಕೆಲ್ಲಿಯೇ. ಗೌರವ ಸಂದಿರುವುದು ಆ ಮನೆತನದ ಹೆಣ್ಣಿಗೆ. ಅಲ್ಲೂ ಆಕೆಗೆ ದಕ್ಕಿದ್ದು ಮನೆತನದ ಹೆಸರೇ ಹೊರತು ಆಕೆಯ ಸ್ವಂತ ಹೆಸರಲ್ಲ.

ಇದರ ಮುಂದೆ ಇನ್ನೊಂದು ಪ್ರಶ್ನೆ ಏಳುತ್ತದೆ. ನಮ್ಮ ಹಿತ್ತಿಲಿನ ಹೂಗಳಿಗೆ ಬರುವ ಉದ್ದ ಕೊಕ್ಕಿನ ಸೂರಕ್ಕಿ, ಸಿನ್ನಿರಿಸ್ ಲೋಟೇನಿಯಸ್. 1752ರಿಂದ 1757ರವರೆಗೆ ಸಿಂಹಳದಲ್ಲಿ ಡಚ್ಚರ ಗವರ್ನರ್ ಆಗಿದ್ದ ಲೋಟನ್ ಹೆಸರನ್ನು 1766ರಲ್ಲಿ ಲಿನ್ನೇಯಸ್ ಇದಕ್ಕೆ ಇಟ್ಟ. ಲೋಟನ್‌ಗಾಗಿ ಅಲ್ಲಿನ ಹಕ್ಕಿಗಳ ಚಿತ್ರ ಬರೆದವನು ಸಿಂಹಳದಲ್ಲೇ ಹುಟ್ಟಿದ ದ ಬೆವೆರೆ ಎಂಬ ಕಲಾವಿದ. ಸೂರಕ್ಕಿಯ ಹೆಸರು ಹೇಳುವಾಗ ಅವನನ್ನು ನೆನೆಯುವವರಿಲ್ಲ. ಬಲೆ ಬೀಸಿ ಹಕ್ಕಿ ಹಿಡಿದವರ, ಚರ್ಮ ಸುಲಿದು ಹದ ಮಾಡಿದವರ, ಕಾಡಿನ ದಾರಿ ತೋರಿದವರ ಹೆಸರೂ ಇಂಥ ಪಟ್ಟಿಗಳಲ್ಲಿ ಸಿಗುವುದು ಅಪರೂಪ.

ಹಳೆಯ ಹೆಸರುಗಳನ್ನು ಬದಲಿಸಬಾರದೇ? ಮನುಷ್ಯರ ಹೆಸರು ಹೊತ್ತ ಹಕ್ಕಿಗಳ ಇಂಗ್ಲಿಷ್ ಹೆಸರುಗಳನ್ನು ತನ್ನ ವ್ಯಾಪ್ತಿಯಲ್ಲಿ ಬದಲಿಸುವುದಾಗಿ ಅಮೆರಿಕದ ಪಕ್ಷಿವಿಜ್ಞಾನ ಸಂಘ 2023ರಲ್ಲಿ ಪ್ರಕಟಿಸಿತು. ವೈಜ್ಞಾನಿಕ ಹೆಸರಿಗೆ ಆ ಸಲೀಸಿಲ್ಲ. ತಪ್ಪಾಗಿದ್ದರೂ ಮೊದಲು ಇಟ್ಟ ಹೆಸರೇ ನಿಲ್ಲುವುದು ವಾಡಿಕೆ. ನಮ್ಮ ಕೆಂಪು ಬುಡದ ಪಿಕಳಾರ ಆಫ್ರಿಕದ್ದೆಂದು ತಪ್ಪು ತಿಳಿದು ಇಟ್ಟ ‘ಕೇಫರ್’ ಎಂಬ ಹೆಸರು 1766ರಿಂದಲೂ ಹಾಗೆಯೇ ಇದೆ.

ಹಳೆಯದು ಬದಲಾಗದಿದ್ದರೂ ಹೊಸ ಹೆಸರಿಡುವ ಮನಸ್ಸು ಬದಲಾಗಬಹುದು. 2006ರಲ್ಲಿ ಅರುಣಾಚಲದ ಈಗಲ್‌ನೆಸ್ಟ್ ವನ್ಯಧಾಮದ ಬಳಿ ಖಗೋಳವಿಜ್ಞಾನಿ ರಮಣ ಆತ್ರೇಯ ಒಂದು ಹೊಸ ಹಕ್ಕಿಯನ್ನು ವಿವರಿಸಿದರು. ಇರುವುದೇ ಕೆಲವು ಎಂದು ಒಂದನ್ನೂ ಕೊಲ್ಲದೆ, ಚಿತ್ರ ಮತ್ತು ಗರಿಗಳ ಆಧಾರದಿಂದಲೇ ಕೆಲಸ ಮುಗಿಸಿದರು. ಅವರು ಇಟ್ಟ ಹೆಸರು ಲಯೊಸಿಕ್ಲಾ ಬುಗುನೋರಂ. ಕೊನೆಯ ‘ಓರಂ’ ಬಹುವಚನ. ಎಂದರೆ ಅಲ್ಲಿನ ಬುಗುನ್ ಜನರದ್ದು ಎಂದರ್ಥ. ಇಲ್ಲಿ ಹಕ್ಕಿಯ ಹೆಸರಿಗೆ ಬಂದವರು ಅದರೊಂದಿಗೆ ಬಾಳುವ ಜನ.

ಮುಂದಿನ ಭಾನುವಾರ ಹೆಬ್ಬಾಳ ಕೆರೆಯ ಏರಿಗೆ ಮಕ್ಕಳನ್ನು ಕರೆದೊಯ್ದಾಗ ಹಕ್ಕಿಯ ಬಣ್ಣ, ಕೊಕ್ಕುಗಳ ಜೊತೆಗೆ ಪುಸ್ತಕದಲ್ಲಿರುವ ಆ ಎರಡನೆಯ ಪದವನ್ನೂ ಓದಿಸಿ. ಯಾರಿವರು ಎಂದು ಮಗು ಕೇಳಿದರೆ ಒಂದು ಹೊಸ ಪಾಠ ಆರಂಭವಾಯಿತೆಂದೇ ತಿಳಿಯಿರಿ.