ಮನೆಗಳಲ್ಲಿ ಬಿಸಿನೀರನ್ನು ಬೇಗನೆ ಪಡೆಯುವುದು: ಮರುಪರಿಚಲನಾ ಪಂಪ್ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬಚ್ಚಲುಮನೆಯ ಹಂಡೆಯಲ್ಲಿ ನೀರು ಕಾಯುತ್ತಿದ್ದ ಕಾಲದಲ್ಲಿ ಬಿಸಿನೀರು ಸ್ನಾನ ಮಾಡುವವರ ಕೈಗೆಟಕುವ ದೂರದಲ್ಲಿಯೇ ಇರುತ್ತಿತ್ತು. ಇಂದು ರಾಜ್ಯದ ನಗರ ಪ್ರದೇಶಗಳ ಅನೇಕ ಮನೆಗಳಲ್ಲಿ ನೀರು ಕಾಯುವ ಸ್ಥಳವು ತಾರಸಿಯ ಮೇಲಿದ್ದು, ಬಳಸುವ ಸ್ಥಳವು ಒಂದೆರಡು ಅಂತಸ್ತು ಕೆಳಗಿರುತ್ತದೆ. ಶಕ್ತಿ ಸಂರಕ್ಷಣೆಯ ಉದ್ದೇಶದಿಂದ ರಾಜ್ಯ ಸರ್ಕಾರವು 2007ರಲ್ಲಿ ಆದೇಶ ಹೊರಡಿಸಿ, ನಿಗದಿತ ವರ್ಗದ ಕಟ್ಟಡಗಳಲ್ಲಿ ಸೌರ ಜಲತಾಪಕವನ್ನು, ಅಂದರೆ ಸೋಲಾರ್ ವಾಟರ್ ಹೀಟರನ್ನು, ಅಳವಡಿಸುವುದನ್ನು ಕಡ್ಡಾಯಗೊಳಿಸಿತು. ಇದರಿಂದ ವಿದ್ಯುತ್ತಿನ ಉಳಿತಾಯವಾಗುತ್ತದೆ. ಆದರೆ ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬಾರದೆ, ಪೈಪಿನಲ್ಲಿ ನಿಂತು ತಣಿದ ನೀರು ಮೊದಲು ಚರಂಡಿಗೆ ಹರಿದುಹೋಗುತ್ತದೆ.

ಹೀಗೆ ಹರಿದುಹೋಗುವುದು ಶುದ್ಧೀಕರಿಸಿದ ನೀರಾಗಿರುತ್ತದೆ. ಬೆಂಗಳೂರು ನಗರಕ್ಕೆ ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಹಂತ ಹಂತವಾಗಿ ಪಂಪು ಮಾಡಿ ತರಲಾಗುತ್ತದೆ. ಆದುದರಿಂದ ಕಾಯುವ ಸಮಯವನ್ನೂ ಪೋಲಾಗುವ ನೀರನ್ನೂ ತಗ್ಗಿಸುವ ಕ್ರಮಗಳನ್ನು, ಅವುಗಳಲ್ಲಿ ಒಂದಾದ ಮರುಪರಿಚಲನಾ ಪಂಪಿನ ಅನುಕೂಲ ಮತ್ತು ಮಿತಿಗಳನ್ನು ಈ ಕೆಳಗೆ ವಿವರಿಸಲಾಗಿದೆ. ಹೊಸ ಮನೆ ಕಟ್ಟುವವರು ಹಾಗೂ ವಿದ್ಯುತ್ ಸಂಪರ್ಕ ಅಥವಾ ಹೆಚ್ಚುವರಿ ಲೋಡ್‌ಗಾಗಿ ಅರ್ಜಿ ಸಲ್ಲಿಸಲಿರುವವರು ಇದನ್ನು ಮುಂಚಿತವಾಗಿ ಓದಿಕೊಳ್ಳುವುದು ಸೂಕ್ತ.

1. ಬಿಸಿನೀರು ತಡವಾಗಿ ಬರುವುದೇಕೆ?

ಕೊನೆಯ ಬಾರಿ ನಲ್ಲಿ ನಿಲ್ಲಿಸಿದಾಗ ಪೈಪಿನಲ್ಲಿ ಉಳಿದ ಬಿಸಿನೀರು ಕ್ರಮೇಣ ತಣಿಯುತ್ತದೆ. ಮುಂದಿನ ಬಾರಿ ಆ ನೀರೆಲ್ಲವೂ ಹೊರಬಂದ ನಂತರವೇ ಟ್ಯಾಂಕಿನ ಬಿಸಿನೀರು ನಲ್ಲಿಯನ್ನು ತಲುಪುತ್ತದೆ. ಪೈಪು ಹಿಡಿಯುವ ನೀರಿನ ಪ್ರಮಾಣವು ಅದರ ಒಳವ್ಯಾಸವನ್ನು ಅವಲಂಬಿಸಿರುತ್ತದೆ.

(ಅ) ಒಳವ್ಯಾಸ 15 ಮಿ.ಮೀ. ಇದ್ದಲ್ಲಿ ಪ್ರತಿ ಮೀಟರಿಗೆ ಸುಮಾರು 0.18 ಲೀಟರ್
(ಆ) ಒಳವ್ಯಾಸ 20 ಮಿ.ಮೀ. ಇದ್ದಲ್ಲಿ ಪ್ರತಿ ಮೀಟರಿಗೆ ಸುಮಾರು 0.31 ಲೀಟರ್
(ಇ) ಒಳವ್ಯಾಸ 25 ಮಿ.ಮೀ. ಇದ್ದಲ್ಲಿ ಪ್ರತಿ ಮೀಟರಿಗೆ ಸುಮಾರು 0.49 ಲೀಟರ್

ಉದಾಹರಣೆಗೆ, ತಾರಸಿಯ ಟ್ಯಾಂಕಿನಿಂದ ನೆಲ ಅಂತಸ್ತಿನ ಬಚ್ಚಲುಮನೆಯವರೆಗೆ 20 ಮಿ.ಮೀ. ಒಳವ್ಯಾಸದ 20 ಮೀಟರ್ ಪೈಪು ಇದ್ದಲ್ಲಿ ಅದರಲ್ಲಿ ಸುಮಾರು 6.3 ಲೀಟರ್ ನೀರು ನಿಂತಿರುತ್ತದೆ. ದಿನಕ್ಕೆ ನಾಲ್ಕು ಬಾರಿ ಈ ನೀರನ್ನು ಚೆಲ್ಲಿದರೆ 25 ಲೀಟರ್, ವರ್ಷಕ್ಕೆ ಸುಮಾರು 9,200 ಲೀಟರ್ ಪೋಲಾಗುತ್ತದೆ. ತಣ್ಣಗಿರುವ ಪೈಪು ತಾನೂ ಕಾಯಬೇಕಾಗುವುದರಿಂದ ವಾಸ್ತವದಲ್ಲಿ ಪೋಲಾಗುವ ನೀರು ಇದಕ್ಕಿಂತ ಹೆಚ್ಚಿರುತ್ತದೆ.

ನಲ್ಲಿಯಿಂದ ನಿಮಿಷಕ್ಕೆ 6 ಲೀಟರ್ ನೀರು ಬರುತ್ತಿದ್ದಲ್ಲಿ ಮೇಲಿನ ಉದಾಹರಣೆಯ ಮನೆಯಲ್ಲಿ ಒಂದು ನಿಮಿಷಕ್ಕೂ ಹೆಚ್ಚು, 3 ಲೀಟರ್ ಬರುತ್ತಿದ್ದಲ್ಲಿ ಎರಡು ನಿಮಿಷಕ್ಕೂ ಹೆಚ್ಚು ಕಾಯಬೇಕಾಗುತ್ತದೆ. 2024ರ ಮಾರ್ಚ್ ತಿಂಗಳ ನೀರಿನ ಅಭಾವದ ಸಂದರ್ಭದಲ್ಲಿ ಬೆಂಗಳೂರು ಜಲಮಂಡಳಿಯು ವಾಣಿಜ್ಯ ಕಟ್ಟಡ, ಅಪಾರ್ಟ್‌ಮೆಂಟ್ ಮುಂತಾದೆಡೆ ನಲ್ಲಿಗಳಿಗೆ ಏರೇಟರ್ ಅಳವಡಿಸುವಂತೆ ಸೂಚಿಸಿತು. ಏರೇಟರ್‌ನಿಂದ ನೀರಿನ ಉಳಿತಾಯವಾಗುವುದು ನಿಜ. ಆದರೆ ಹರಿವು ಕಡಿಮೆಯಾಗುವುದರಿಂದ ಬಿಸಿನೀರಿಗಾಗಿ ಕಾಯುವ ಸಮಯವು ಹೆಚ್ಚುತ್ತದೆ. ಇದಕ್ಕಾಗಿ ಏರೇಟರನ್ನು ತೆಗೆಯದೆ, ಪೈಪಿನ ವ್ಯವಸ್ಥೆಯನ್ನು ಸರಿಪಡಿಸಿಕೊಳ್ಳುವುದು ಸೂಕ್ತ ಮಾರ್ಗವಾಗಿದೆ.

2. ಮೊದಲು ಅಳತೆ ಮಾಡಿಕೊಳ್ಳುವುದು

ಯಾವುದೇ ವೆಚ್ಚಕ್ಕೆ ಮುಂದಾಗುವ ಮೊದಲು ಪ್ರತಿಯೊಂದು ಬಿಸಿನೀರಿನ ನಲ್ಲಿಯಲ್ಲಿ ಈ ಸರಳ ಪರೀಕ್ಷೆಯನ್ನು ಮಾಡಿಕೊಳ್ಳಬಹುದು. ಬೆಳಿಗ್ಗೆ ಯಾರೂ ನೀರು ಬಳಸುವ ಮೊದಲು ಬಿಸಿನೀರಿನ ನಲ್ಲಿಯ ಕೆಳಗೆ ಬಕೆಟ್ ಇಟ್ಟು, ಪೂರ್ಣವಾಗಿ ತಿರುಗಿಸಿ, ಬಿಸಿನೀರು ಬರುವವರೆಗಿನ ಸಮಯವನ್ನೂ ಬಕೆಟ್ಟಿನಲ್ಲಿ ಸಂಗ್ರಹವಾದ ನೀರನ್ನೂ ಬರೆದಿಟ್ಟುಕೊಳ್ಳಬೇಕು. ಎರಡು ಲೀಟರಿಗಿಂತ ಕಡಿಮೆ ನೀರು ಬಂದಲ್ಲಿ ಪಂಪಿನ ಅಗತ್ಯ ಸಾಮಾನ್ಯವಾಗಿ ಕಂಡುಬರುವುದಿಲ್ಲ. ಗೀಸರ್ ಬಚ್ಚಲುಮನೆಯೊಳಗೇ ಇರುವ ಮನೆಗಳಿಗೂ ಈ ಪಂಪಿನಿಂದ ಪ್ರಯೋಜನವಿಲ್ಲ.

3. ಕಡಿಮೆ ವೆಚ್ಚದ ಕ್ರಮಗಳು

(ಅ) ಹೊಸ ಮನೆಯ ನಕ್ಷೆ ಸಿದ್ಧಪಡಿಸುವಾಗಲೇ ಬಚ್ಚಲುಮನೆ ಮತ್ತು ಅಡುಗೆಮನೆಗಳನ್ನು ಒಂದೇ ಬದಿಯಲ್ಲಿ, ಒಂದರ ಮೇಲೊಂದು ಬರುವಂತೆ ಯೋಜಿಸಿ, ಸೌರ ಜಲತಾಪಕವನ್ನು ಅವುಗಳಿಗೆ ಸಮೀಪದಲ್ಲಿ ತಾರಸಿಯ ಮೇಲೆ ಇರಿಸುವುದು. ಇದಕ್ಕಿಂತ ಉತ್ತಮವಾದ ಪರಿಹಾರ ಬೇರೊಂದಿಲ್ಲ.

(ಆ) ಬಿಸಿನೀರಿನ ಪೈಪಿಗೆ ಪೂರ್ತಿಯಾಗಿ ಶಾಖನಿರೋಧಕ ಹೊದಿಕೆ ಹಾಕಿಸುವುದು. ಗಾಳಿ ಮತ್ತು ಮಳೆಗೆ ಒಡ್ಡಿಕೊಂಡಿರುವ ತಾರಸಿಯ ಭಾಗಕ್ಕೆ ಇದು ಅತ್ಯಗತ್ಯ. ಬಿಸಿಲಿಗೆ ಹೊದಿಕೆ ಶಿಥಿಲವಾಗದಂತೆ ಅದರ ಮೇಲೆ ರಕ್ಷಾಕವಚವಿರಬೇಕು. ರಾತ್ರಿಯಿಡೀ ನಿಂತ ನೀರನ್ನು ಹೊದಿಕೆಯು ಬಿಸಿಯಾಗಿ ಉಳಿಸಲಾರದು. ಆದರೆ ಒಬ್ಬರ ಸ್ನಾನದ ನಂತರ ಮತ್ತೊಬ್ಬರ ಸ್ನಾನದವರೆಗೆ ನೀರು ತಣಿಯದಂತೆ ನೋಡಿಕೊಳ್ಳುತ್ತದೆ.

(ಇ) ಅಗತ್ಯಕ್ಕಿಂತ ದಪ್ಪನಾದ ಪೈಪು ಬಳಸದಿರುವುದು. ಆದರೆ ತಾರಸಿಯ ಟ್ಯಾಂಕಿನಿಂದ ಗುರುತ್ವಬಲದಿಂದಲೇ ನೀರು ಇಳಿಯುವ ಮನೆಗಳಲ್ಲಿ ಮೇಲಂತಸ್ತಿನ ಒತ್ತಡ ಬಹಳ ಕಡಿಮೆ ಇರುವುದರಿಂದ, ಪೈಪನ್ನು ತೀರ ಸಣ್ಣದಾಗಿಸಿದರೆ ಹರಿವೇ ಕುಂದುತ್ತದೆ. ಅಳತೆಯನ್ನು ಅನುಭವವುಳ್ಳ ಪ್ಲಂಬರ್ ಮೂಲಕ ನಿರ್ಧರಿಸುವುದು.

(ಈ) ಮೊದಲು ಬರುವ ತಣ್ಣೀರನ್ನು ಬಕೆಟ್ಟಿನಲ್ಲಿ ಹಿಡಿದು ಬಟ್ಟೆ ಒಗೆಯಲು, ನೆಲ ಒರೆಸಲು ಅಥವಾ ಗಿಡಗಳಿಗೆ ಬಳಸುವುದು. ಬಾಡಿಗೆ ಮನೆಗಳಲ್ಲಿ ವಾಸಿಸುವವರಿಗೆ ಇದು ಖರ್ಚಿಲ್ಲದ ಮಾರ್ಗ.

4. ಮರುಪರಿಚಲನಾ ಪಂಪ್ ಕೆಲಸ ಮಾಡುವ ಬಗೆ

ಪೈಪಿನಲ್ಲಿ ನಿಂತು ತಣಿದ ನೀರನ್ನು ಚರಂಡಿಗೆ ಬಿಡದೆ ಟ್ಯಾಂಕಿಗೆ ಮರಳಿ ಕಳುಹಿಸಿ, ಅದರ ಸ್ಥಾನಕ್ಕೆ ಬಿಸಿನೀರನ್ನು ತರುವುದು ಈ ಪಂಪಿನ ಕೆಲಸ. ಇದನ್ನು ಎರಡು ರೀತಿಯಲ್ಲಿ ಅಳವಡಿಸಲಾಗುತ್ತದೆ.

ಮೊದಲನೆಯದು, ಪ್ರತ್ಯೇಕ ವಾಪಸಾತಿ ಪೈಪು ಇರುವ ವ್ಯವಸ್ಥೆ. ಅತಿ ದೂರದ ನಲ್ಲಿಯ ಸಮೀಪದಿಂದ ಟ್ಯಾಂಕಿನ ಕೆಳಭಾಗಕ್ಕೆ ಇನ್ನೊಂದು ಪೈಪು ಹಾಕಿ, ಅದರಲ್ಲಿ ಪಂಪು ಮತ್ತು ನೀರು ಹಿಮ್ಮುಖವಾಗಿ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಕೂರಿಸಲಾಗುತ್ತದೆ. ಹೊಸದಾಗಿ ಕಟ್ಟುವ ಮನೆಗಳಿಗೆ ಇದು ಸೂಕ್ತ. ಪಂಪನ್ನು ಕೂಡಲೇ ಕೊಳ್ಳದಿದ್ದರೂ ಗೋಡೆ ಮುಚ್ಚುವ ಮೊದಲೇ ವಾಪಸಾತಿ ಪೈಪಿನ ವಿಷಯವನ್ನು ನಿರ್ಧರಿಸಬೇಕು. ನಂತರ ಗೋಡೆ ಒಡೆಯುವ ವೆಚ್ಚವು ಪಂಪಿನ ಬೆಲೆಯನ್ನೂ ಮೀರಬಹುದು.

ಎರಡನೆಯದು, ಈಗಾಗಲೇ ಕಟ್ಟಿದ ಮನೆಗಳಿಗಾಗಿ ಇರುವ ವ್ಯವಸ್ಥೆ. ಇದರಲ್ಲಿ ವಾಪಸಾತಿ ಪೈಪಿನ ಬದಲು ತಣ್ಣೀರಿನ ಪೈಪನ್ನೇ ಬಳಸಿಕೊಂಡು, ದೂರದ ವಾಶ್‌ಬೇಸಿನ್ ಕೆಳಗೆ ಎರಡೂ ಪೈಪುಗಳನ್ನು ವಾಲ್ವ್ ಮೂಲಕ ಜೋಡಿಸಲಾಗುತ್ತದೆ. ಗೋಡೆ ಒಡೆಯುವ ಅಗತ್ಯವಿಲ್ಲದಿದ್ದರೂ ತಣ್ಣೀರಿನ ನಲ್ಲಿಯಲ್ಲಿ ಕೆಲಕಾಲ ಉಗುರುಬೆಚ್ಚಗಿನ ನೀರು ಬರುತ್ತದೆ. ಕುಡಿಯುವ ನೀರು ಅಥವಾ ನೀರು ಶುದ್ಧೀಕರಣ ಯಂತ್ರಕ್ಕೆ ಹೋಗುವ ಪೈಪಿಗೆ ಈ ವ್ಯವಸ್ಥೆಯನ್ನು ಜೋಡಿಸಬಾರದು. ಇದಲ್ಲದೆ, ತಾರಸಿಯಲ್ಲಿ ತಣ್ಣೀರಿನ ಟ್ಯಾಂಕು ಸೌರ ಟ್ಯಾಂಕಿಗಿಂತ ಎತ್ತರದಲ್ಲಿರುವುದರಿಂದ, ಚೆಕ್ ವಾಲ್ವ್ ಇಲ್ಲದಿದ್ದಲ್ಲಿ ಅಥವಾ ಕೆಟ್ಟಲ್ಲಿ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗಿ ಮನೆಯ ಎಲ್ಲ ನಲ್ಲಿಗಳಲ್ಲಿಯೂ ಬಿಸಿ ಕಡಿಮೆಯಾಗುತ್ತದೆ.

5. ಪಂಪನ್ನು ಯಾವಾಗ ಚಾಲನೆ ಮಾಡಬೇಕು?

ಪಂಪಿನಿಂದ ಲಾಭವೋ ನಷ್ಟವೋ ಎಂಬುದು ಅದು ಎಷ್ಟು ಹೊತ್ತು ಓಡುತ್ತದೆ ಎಂಬುದನ್ನೇ ಅವಲಂಬಿಸಿದೆ. ಈ ವಿಷಯವನ್ನು ಗ್ರಾಹಕರು ವಿಶೇಷವಾಗಿ ಗಮನಿಸಬೇಕು.

ನಿರಂತರ ಚಾಲನೆ: 25 ವ್ಯಾಟ್ ಪಂಪು ದಿನದ 24 ಗಂಟೆಯೂ ಓಡಿದರೆ ವರ್ಷಕ್ಕೆ ಸುಮಾರು 219 ಯೂನಿಟ್ ವಿದ್ಯುತ್ ಬೇಕಾಗುತ್ತದೆ. ಇದಕ್ಕಿಂತ ದೊಡ್ಡದು ಶಾಖದ ನಷ್ಟ. ಹೋಗುವ ಮತ್ತು ಬರುವ ಪೈಪು ಸೇರಿ 40 ಮೀಟರ್ ಇದ್ದು, ಪ್ರತಿ ಮೀಟರಿನಲ್ಲಿ 10 ವ್ಯಾಟ್‌ನಷ್ಟು ಶಾಖ ಸೋರಿದರೂ ರಾತ್ರಿಯ 12 ಗಂಟೆಗಳಲ್ಲಿ 4.8 ಯೂನಿಟ್ ನಷ್ಟವಾಗುತ್ತದೆ. 200 ಲೀಟರ್ ನೀರಿನ ಉಷ್ಣಾಂಶವನ್ನು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಶಾಖ ಸುಮಾರು 7 ಯೂನಿಟ್. ನೀರು ತಣಿದಂತೆ ನಷ್ಟದ ವೇಗ ತಗ್ಗುವುದಾದರೂ, ಹಗಲೆಲ್ಲ ಬಿಸಿಲಿನಲ್ಲಿ ಕಾದ ನೀರಿನ ಶಾಖದ ಬಹುಭಾಗವು ಬೆಳಗಾಗುವುದರೊಳಗೆ ಗೋಡೆಗಳಿಗೆ ಸೇರಿರುತ್ತದೆ. ಸೌರ ಜಲತಾಪಕವಿರುವ ಮನೆಗಳಲ್ಲಿ ಪಂಪನ್ನು ನಿರಂತರವಾಗಿ ಓಡಿಸತಕ್ಕದ್ದಲ್ಲ.

ಟೈಮರ್ ಮತ್ತು ಥರ್ಮೋಸ್ಟಾಟ್: ಬೆಳಗಿನ ಸ್ನಾನದ ಅವಧಿಗೆ ಮಾತ್ರ ಟೈಮರ್ ಇರಿಸಿ, ಪೈಪು ಬಿಸಿಯಾದೊಡನೆ ಪಂಪು ನಿಲ್ಲುವಂತೆ ಥರ್ಮೋಸ್ಟಾಟ್ ಅಳವಡಿಸಿದರೆ ನಷ್ಟವು ಗಣನೀಯವಾಗಿ ತಗ್ಗುತ್ತದೆ.

ಅಗತ್ಯವಿದ್ದಾಗ ಮಾತ್ರ ಚಾಲನೆ: ಬಚ್ಚಲುಮನೆಯ ಹೊರಗಿನ ಗುಂಡಿಯನ್ನು ಒತ್ತಿದಾಗ ಪಂಪು ಓಡಿ, ಬಿಸಿನೀರು ತಲುಪಿದೊಡನೆ ತಾನಾಗಿ ನಿಲ್ಲುತ್ತದೆ. ದಿನಕ್ಕೆ ನಾಲ್ಕು ಬಾರಿ ಎರಡೆರಡು ನಿಮಿಷ ಓಡಿದಲ್ಲಿ 80 ವ್ಯಾಟ್ ಪಂಪಿಗೂ ವರ್ಷಕ್ಕೆ 5 ಯೂನಿಟ್‌ಗಿಂತ ಕಡಿಮೆ ವಿದ್ಯುತ್ ಸಾಕು. ತಣಿದ ನೀರು ಮಾತ್ರ ಟ್ಯಾಂಕಿನ ತಳಕ್ಕೆ ಮರಳುವುದರಿಂದ ಮೇಲ್ಭಾಗದ ಬಿಸಿನೀರು ಕದಡುವುದಿಲ್ಲ. ಮನೆಗಳಿಗೆ ಈ ವಿಧಾನವೇ ಹೆಚ್ಚು ಸೂಕ್ತವಾಗಿದೆ.

6. ಬದಲಿ ವ್ಯವಸ್ಥೆ ಮತ್ತು ಹೆಚ್ಚುವರಿ ಲೋಡ್

ದೂರದ ಒಂದೇ ನಲ್ಲಿಗಾಗಿ ಪಂಪು ಹಾಕಿಸುವ ಬದಲು ಅಲ್ಲಿಯೇ ಸಣ್ಣ ವಿದ್ಯುತ್ ಗೀಸರ್ ಅಳವಡಿಸಿ, ಅದಕ್ಕೆ ಸೌರ ಟ್ಯಾಂಕಿನ ನೀರನ್ನೇ ಒಳಬಿಡಬಹುದು. ಅತಿ ಬಿಸಿಯಾದ ನೀರನ್ನು ಆ ಗೀಸರ್ ತಾಳಬಲ್ಲದೇ ಎಂಬುದನ್ನು ತಯಾರಕರ ಸೂಚನೆಯಲ್ಲಿ ನೋಡಿಕೊಳ್ಳಬೇಕು. ನೀರು ಸಂಗ್ರಹಿಸುವ ಗೀಸರ್‌ಗೆ ಐಎಸ್ 2082, ತತ್‌ಕ್ಷಣ ನೀರು ಕಾಯಿಸುವ ಗೀಸರ್‌ಗೆ ಐಎಸ್ 8978 ಮಾನಕಗಳು ಅನ್ವಯಿಸುತ್ತವೆ.

ತತ್‌ಕ್ಷಣ ಗೀಸರ್‌ಗಳು ಸಾಮಾನ್ಯವಾಗಿ 3 ಕಿಲೋವ್ಯಾಟ್ ಸಾಮರ್ಥ್ಯದವು. ವಿದ್ಯುತ್ ಬಿಲ್ಲಿನಲ್ಲಿ ನಮೂದಾಗಿರುವ ಮಂಜೂರಾದ ಲೋಡ್ ಇದಕ್ಕೆ ಸಾಲದಿದ್ದಲ್ಲಿ, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಮೂಲಕ ತಮ್ಮ ವ್ಯಾಪ್ತಿಯ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಚೇರಿಗೆ ಹೆಚ್ಚುವರಿ ಲೋಡ್‌ಗಾಗಿ ಅರ್ಜಿ ಸಲ್ಲಿಸಬೇಕು. ಮರುಪರಿಚಲನಾ ಪಂಪಿನ ಲೋಡ್ ಒಂದು ಬಲ್ಬಿನಷ್ಟೇ ಆಗಿರುವುದರಿಂದ ಅದೊಂದರ ಸಲುವಾಗಿ ಸಾಮಾನ್ಯವಾಗಿ ಲೋಡ್ ಹೆಚ್ಚಿಸಿಕೊಳ್ಳಬೇಕಾಗುವುದಿಲ್ಲ.

7. ಸುರಕ್ಷತಾ ಸೂಚನೆಗಳು

(ಅ) ಬೇಗನೆ ಬಿಸಿನೀರು ಸಿಗಲೆಂದು ಗ್ಯಾಸ್ ಗೀಸರನ್ನು ಮುಚ್ಚಿದ ಬಚ್ಚಲುಮನೆಯೊಳಗೆ ಎಂದಿಗೂ ಅಳವಡಿಸಬಾರದು. ಗಾಳಿಯ ಸಂಚಾರವಿಲ್ಲದೆಡೆ ಗ್ಯಾಸ್ ಅಪೂರ್ಣವಾಗಿ ಉರಿದು ಕಾರ್ಬನ್ ಮಾನಾಕ್ಸೈಡ್ ಉಂಟಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಮೃತಪಡುವ ಅಪಾಯವಿದೆ.

(ಆ) ಪಂಪಿನ ಸಂಪರ್ಕಕ್ಕೆ ಅರ್ತಿಂಗ್ ಹಾಗೂ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಬೇಕು. ಒದ್ದೆ ಕೈಗೆ ಸಿಗುವ ಸ್ಥಳದಲ್ಲಿ ಸಾಮಾನ್ಯ ಸ್ವಿಚ್ಚು ಇರಕೂಡದು.

(ಇ) 60 ಡಿಗ್ರಿ ಬಿಸಿಯಿರುವ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲದು. ಪಂಪು ಅಳವಡಿಸಿದ ನಂತರ ಮೊದಲು ತಣ್ಣೀರು ಬಂದು ಎಚ್ಚರಿಸುವ ಅವಕಾಶವಿರುವುದಿಲ್ಲ. ಮಕ್ಕಳು ಮತ್ತು ವೃದ್ಧರಿರುವ ಮನೆಗಳಲ್ಲಿ ಉಷ್ಣಾಂಶ ಮಿತಿಗೊಳಿಸುವ ಮಿಕ್ಸಿಂಗ್ ವಾಲ್ವ್ ಅಳವಡಿಸುವುದು ಅಪೇಕ್ಷಣೀಯ.

(ಈ) ಬಿಸಿನೀರಿಗೆ ಐಎಸ್ 15778 ಮಾನಕದ ಸಿಪಿವಿಸಿ ಅಥವಾ ತಯಾರಕರು ಬಿಸಿನೀರಿಗೆಂದು ಸೂಚಿಸಿರುವ ಪೈಪುಗಳನ್ನೇ ಬಳಸಬೇಕು. ತಣ್ಣೀರಿನ ಸಾಮಾನ್ಯ ಪಿವಿಸಿ ಪೈಪು ಬಿಸಿಗೆ ಮೆತ್ತಗಾಗಿ ಬಿಟ್ಟುಹೋಗುತ್ತದೆ.

(ಉ) ಪಂಪನ್ನು ಬೀದಿಯ ಕೊಳಾಯಿ ಸಂಪರ್ಕಕ್ಕೆ ನೇರವಾಗಿ ಜೋಡಿಸಬಾರದು. ಮನೆಯ ಟ್ಯಾಂಕಿನಿಂದ ಮುಂದಿನ ಪೈಪುಗಳಲ್ಲಿ ಮಾತ್ರ ಬಳಸಬೇಕು.

(ಊ) ಕೊಳವೆಬಾವಿಯ ಗಡಸು ನೀರಿರುವ ಕಡೆ ಪಂಪು ಮತ್ತು ಚೆಕ್ ವಾಲ್ವ್‌ಗಳಲ್ಲಿ ಸುಣ್ಣದ ಪದರ ಕಟ್ಟಿಕೊಳ್ಳುತ್ತದೆ. ಕಾಲಕಾಲಕ್ಕೆ ಬಿಚ್ಚಿ ಶುಚಿಗೊಳಿಸಲು ಅನುಕೂಲವಾಗುವಂತೆ ಎರಡೂ ಬದಿ ವಾಲ್ವ್ ಇರಿಸಬೇಕು.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಈ ಪಂಪಿನಿಂದ ಶವರ್‌ನಲ್ಲಿ ನೀರಿನ ರಭಸ ಹೆಚ್ಚುತ್ತದೆಯೇ?
ಉತ್ತರ: ಇಲ್ಲ. ರಭಸ ಹೆಚ್ಚಿಸುವ ಪ್ರೆಷರ್ ಪಂಪು ಬೇರೆ. ಕೊಳ್ಳುವಾಗ ಇವೆರಡರ ವ್ಯತ್ಯಾಸವನ್ನು ಕೇಳಿ ತಿಳಿದುಕೊಳ್ಳಬೇಕು.

ಪ್ರಶ್ನೆ: ವಿದ್ಯುತ್ ಬಿಲ್ಲು ಕಡಿಮೆಯಾಗುತ್ತದೆಯೇ?
ಉತ್ತರ: ಈ ಪಂಪು ಮುಖ್ಯವಾಗಿ ನೀರನ್ನೂ ಸಮಯವನ್ನೂ ಉಳಿಸುತ್ತದೆ. ವಿದ್ಯುತ್ ಬಿಲ್ಲಿನಲ್ಲಿ ದೊಡ್ಡ ಉಳಿತಾಯವನ್ನು ನಿರೀಕ್ಷಿಸುವುದು ಸರಿಯಲ್ಲ.

ಪ್ರಶ್ನೆ: ಅಪಾರ್ಟ್‌ಮೆಂಟ್ ನಿವಾಸಿಗಳು ಏನು ಮಾಡಬಹುದು?
ಉತ್ತರ: ಬಿಸಿನೀರಿನ ಪೈಪುಗಳು ಸಾಮೂಹಿಕವಾಗಿದ್ದಲ್ಲಿ ಒಬ್ಬರೇ ಬದಲಾವಣೆ ಮಾಡದೆ, ನಿವಾಸಿಗಳ ಸಂಘದ ಒಪ್ಪಿಗೆ ಪಡೆಯಬೇಕು. ಈಗಾಗಲೇ ಸಾಮೂಹಿಕ ಪಂಪು ಇದ್ದಲ್ಲಿ ಅದು ಓಡುವ ವೇಳೆ ಮತ್ತು ಪೈಪುಗಳ ಹೊದಿಕೆಯ ಸ್ಥಿತಿಯನ್ನು ಸಂಘದ ಮೂಲಕ ಪರಿಶೀಲಿಸಬಹುದು.

9. ಹೆಚ್ಚಿನ ಮಾಹಿತಿಗೆ

ವಿದ್ಯುತ್ ಸಂಪರ್ಕ ಮತ್ತು ಲೋಡ್ ಕುರಿತು ಆಯಾ ವಿದ್ಯುತ್ ಸರಬರಾಜು ಕಂಪನಿಯ ಸಹಾಯವಾಣಿ 1912 ಅನ್ನು, ಬೆಂಗಳೂರಿನಲ್ಲಿ ನೀರಿನ ಸಂಪರ್ಕ ಕುರಿತು ಜಲಮಂಡಳಿಯ ಸಹಾಯವಾಣಿ 1916 ಅನ್ನು ಸಂಪರ್ಕಿಸಬಹುದು. ಸಾರ್ವಜನಿಕರು ಮೊದಲು ಅಳತೆ, ನಂತರ ಹೊದಿಕೆ, ಆನಂತರವೇ ಪಂಪು ಎಂಬ ಕ್ರಮವನ್ನು ಅನುಸರಿಸಿ, ಅಮೂಲ್ಯವಾದ ನೀರು ಮತ್ತು ಶಾಖ ಎರಡನ್ನೂ ಉಳಿಸಬೇಕಾಗಿ ಕೋರಲಾಗಿದೆ.