ಸ್ನಾಯು ಸೋತಾಗ ರಕ್ತದ ಹಾದಿ

ನಮ್ಮ ಕಡೆಯ ಮನೆಗಳಲ್ಲಿ ರೋಗಿಗೆ ತೋರುವ ಅಕ್ಕರೆಯ ಮೊದಲ ಮಾತು, ‘ನೀವು ಏಳಬ್ಯಾಡ್ರಿ, ಕುಂತಲ್ಲೇ ಇರ್ರಿ’ ಎಂಬುದು. ಜ್ವರ ಬಂದವನಿಗೆ ಈ ಮಾತು ಹಿತ. ಆದರೆ ವರ್ಷವರ್ಷಕ್ಕೂ ಸ್ನಾಯುಗಳು ದುರ್ಬಲವಾಗುತ್ತ ಹೋಗುವ ವ್ಯಾಧಿಯುಳ್ಳವನಿಗೆ ಇದೇ ಅಹಿತವಾದೀತು. ಇಂಥ ವ್ಯಾಧಿಯೊಡನೆ ಬಹುಕಾಲದಿಂದ ಬಾಳುತ್ತಿರುವ ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿದವನು. ವೈದ್ಯರಿಂದ ಕೇಳಿ ತಿಳಿದುಕೊಂಡದ್ದನ್ನು ಕೇಳುಗರ ಮುಂದಿಡುತ್ತಿದ್ದೇನೆ.

ಹೃದಯದಿಂದ ಹೊರಟ ರಕ್ತ ಮೈಯೆಲ್ಲ ಸುತ್ತಿ ಮರಳಿ ಹೃದಯಕ್ಕೇ ಬರುತ್ತದೆಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟ. ಅಭಿಧಮನಿಗಳೊಳಗೆ ಪುಟ್ಟ ಕವಾಟಗಳಿರುವುದನ್ನು ಅವನ ಗುರು ಫ್ಯಾಬ್ರಿಸಿಯಸ್ ಮೊದಲೇ ವರ್ಣಿಸಿದ್ದ. ಅವು ರಕ್ತವನ್ನು ಹೃದಯದ ದಿಕ್ಕಿಗಷ್ಟೇ ಬಿಡುವ ಬಾಗಿಲುಗಳೆಂಬುದನ್ನು ಕಂಡವನು ಹಾರ್ವೆ. ಆದರೆ ಬಾಗಿಲು ತಾನಾಗಿ ಯಾರನ್ನೂ ಮೇಲಕ್ಕೆತ್ತುವುದಿಲ್ಲವಷ್ಟೆ! ಪಾದಕ್ಕಿಳಿದ ರಕ್ತವನ್ನು ಮೇಲಕ್ಕೆ ತಳ್ಳುವವರಾರು?

ಇಳಕಲ್ಲಿನ ಕುಣಿಮಗ್ಗವನ್ನು ನೋಡಿದವರಿಗೆ ಇದರ ಉತ್ತರ ಸುಲಭ. ನೋಡುವವರ ಕಣ್ಣು ನೇಕಾರನ ಕೈಯ ಮೇಲೆ, ಓಡುವ ಲಾಳಿಯ ಮೇಲೆ. ಅತ್ತ ಕುಣಿಯೊಳಗೆ, ಯಾರಿಗೂ ಕಾಣದಂತೆ, ಅವನ ಕಾಲುಗಳು ತುಳಿಯುತ್ತಿರುತ್ತವೆ. ಕಾಲು ನಿಂತರೆ ಹಾಸಿನ ಎಳೆಗಳು ಬಾಯಿ ತೆರೆಯವು, ಲಾಳಿಗೆ ದಾರಿ ಸಿಗದು. ದೇಹದಲ್ಲೂ ಹೃದಯದ ಬಡಿತ ಎಲ್ಲರಿಗೂ ಗೊತ್ತು. ಮೀನಖಂಡದ ದುಡಿಮೆ ಗೊತ್ತಿಲ್ಲ. ನಡೆಯುವಾಗ ಮೀನಖಂಡ ಬಿಗಿದು ಒಳಗಿನ ಅಭಿಧಮನಿಗಳನ್ನು ಹಿಂಡುತ್ತದೆ, ರಕ್ತ ಮೇಲೇರುತ್ತದೆ, ಕವಾಟ ಮುಚ್ಚಿಕೊಂಡು ಅದು ಕೆಳಗಿಳಿಯದಂತೆ ತಡೆಯುತ್ತದೆ. ಇದನ್ನು ‘ಎರಡನೆಯ ಹೃದಯ’ವೆಂದು ಕರೆಯುವುದು ಅತಿಶಯೋಕ್ತಿಯಲ್ಲ.

ಸ್ನಾಯು ಸೋತರೆ ಈ ಎರಡನೆಯ ಹೃದಯವೂ ಸೋಲುತ್ತದೆ. ಸಂಜೆಗೆ ಪಾದ ಬಾತುಕೊಳ್ಳುವುದು, ಬೆರಳು ತಣ್ಣಗಾಗಿ ಬಣ್ಣಗೆಡುವುದು ಇದರ ಕುರುಹು. ಇದಕ್ಕೆ ಪರಿಹಾರಗಳು ಸರಳ. ಕುರ್ಚಿಯಲ್ಲಿ ಕಾಲು ಜೋತಾಡಬಾರದು. ಅಡಿಗೆ ಮಣೆಯಿರಲಿ, ಕುರ್ಚಿಯ ಅಂಚು ತೊಡೆಯನ್ನು ಒತ್ತದಿರಲಿ. ಗಂಟೆಗೊಮ್ಮೆಯಾದರೂ ಪಾದವನ್ನು ಮೇಲಕ್ಕೂ ಕೆಳಕ್ಕೂ ಹತ್ತಾರು ಸಲ ಆಡಿಸಬೇಕು. ಇಳಕಲ್ಲಿನಿಂದ ಹುನಗುಂದದ ಮೇಲೆ ಬಾಗಲಕೋಟೆಗೆ ಬಸ್ಸಿನಲ್ಲಿ ಹೋಗುವಾಗಲೂ ನಾನಿದನ್ನು ಬಿಡುವುದಿಲ್ಲ. ಮಲಗಿದಾಗ ದಿಂಬಿನ ಮೇಲೆ ಕಾಲನ್ನು ಎತ್ತರಿಸಬಹುದು. ಮಲಗಿದರೆ ಉಸಿರು ಕಟ್ಟುವವರು ಮಾತ್ರ ವೈದ್ಯರನ್ನು ಕೇಳದೆ ಹೀಗೆ ಮಾಡಕೂಡದು. ನಿಧಾನವಾದ ದೀರ್ಘ ಉಸಿರಾಟವೂ ಒಂದು ಆಸರೆ; ವಪೆ ಕೆಳಗಿಳಿದಾಗ ರಕ್ತ ಎದೆಯ ಕಡೆಗೆ ಸೆಳೆಯಲ್ಪಡುತ್ತದೆ. ನಮ್ಮ ಬಿರುಬೇಸಿಗೆಯಲ್ಲಿ ಎದ್ದು ಹೋಗುವ ಕಷ್ಟಕ್ಕಂಜಿ ನೀರು ಕುಡಿಯದಿರುವವರನ್ನು ಕಂಡಿದ್ದೇನೆ, ಅದು ಸಲ್ಲದು. ಹಾಗೆಯೇ ರೊಟ್ಟಿಯ ಪಕ್ಕದ ಉಪ್ಪಿನಕಾಯಿಯಲ್ಲಿ ಮಿತವಿರಲಿ.

ಅತಿಯೂ ತಪ್ಪೇ. ವಿದ್ಯಾರ್ಥಿಗಳೊಡನೆ ಬಾದಾಮಿಯ ಗುಹೆಗಳ ಮೆಟ್ಟಿಲನ್ನು ಎಷ್ಟೋ ಸಲ ಏರಿದವನು ನಾನು. ಈಗ ಅಗಸ್ತ್ಯತೀರ್ಥದ ದಂಡೆಯಲ್ಲಿ ಕುಳಿತು ಬಂಡೆಗಳನ್ನು ನೋಡುತ್ತೇನೆ. ಹಟದಿಂದ ಮೆಟ್ಟಿಲೇರಿ ಬಲ ಪಡೆಯುತ್ತೇನೆಂಬುದು ಈ ವ್ಯಾಧಿಯಲ್ಲಿ ನಡೆಯದ ಮಾತು. ಮರುದಿನವೂ ನೋವು ಉಳಿದರೆ ಮಾಡಿದ್ದು ಹೆಚ್ಚಾಯಿತೆಂದೇ ಅರ್ಥ.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಒಂದೇ ಕಾಲು ಬಾತು, ಬಿಸಿಯಾಗಿ ನೋಯತೊಡಗಿದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ಎಣ್ಣೆ ಹಚ್ಚಿ ತಿಕ್ಕಲೇಬಾರದು; ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಎದೆನೋವೋ ಏದುಸಿರೋ ಇದ್ದರೆ ಒಂದು ಗಳಿಗೆಯೂ ತಡಮಾಡಕೂಡದು. ಇನ್ನೊಂದು, ಹೃದಯವೂ ಸ್ನಾಯುವೇ. ಮಕ್ಕಳಲ್ಲಿ ಕಾಣುವ ಡುಶೆನ್ ವ್ಯಾಧಿಯೂ ಸೇರಿದಂತೆ ಇವುಗಳಲ್ಲಿ ಹಲವು ಹೃದಯವನ್ನೂ ಮುಟ್ಟುತ್ತವೆ. ಆದುದರಿಂದ ಎರಡೂ ಕಾಲು ಬಾತಾಗ ‘ಕುಳಿತು ಕುಳಿತು ಹೀಗಾಯಿತು’ ಎಂದು ಸುಮ್ಮನಾಗದೆ, ವೈದ್ಯರು ಹೇಳಿದ ಕಾಲಕ್ಕೆ ಇ.ಸಿ.ಜಿ., ಎಕೊ ಪರೀಕ್ಷೆಗಳನ್ನು ಮಾಡಿಸಿಕೊಳ್ಳಬೇಕು. ಬಿಗಿ ಕಾಲುಚೀಲವನ್ನು ತೊಡುವುದಿದ್ದರೂ ಅವರನ್ನು ಕೇಳಿಯೇ ತೊಡಬೇಕು.

ಪಾದವನ್ನು ತಾನೇ ಆಡಿಸಲಾರದಷ್ಟು ಬಲ ಕುಂದಿದವರು ಏನು ಮಾಡಬೇಕು? ಇಲ್ಲಿಯೇ ಮನೆಯವರ ಅಕ್ಕರೆಗೆ ನಿಜವಾದ ಕೆಲಸವಿದೆ. ವ್ಯಾಯಾಮ ಚಿಕಿತ್ಸಕರಿಂದ ಒಮ್ಮೆ ಕಲಿತುಕೊಂಡರೆ ಮಗನೋ ಸೊಸೆಯೋ ಮೊಮ್ಮಗಳೋ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಪಾದವನ್ನು ಮೃದುವಾಗಿ ಮಣಿಸಬಹುದು. ಹೋದ ಬಲವನ್ನು ಮರಳಿ ಕೊಡುವುದು ಅವರಿಂದಾಗದು. ತಮ್ಮ ಕೈಯ ಚಲನೆಯನ್ನು ದಿನಕ್ಕೆರಡು ಸಲ ಹತ್ತು ನಿಮಿಷ ಕಡ ಕೊಡುವುದು ಆದೀತು. ಆ ಸಾಲ ತೀರಿಸುವ ಮಾತಿಲ್ಲ. ಪಡೆದವನ ಪಾದ ಸಂಜೆಗೆ ಹಗುರವಾಗಿದ್ದರೆ ಅಷ್ಟೇ ಅದರ ಬಡ್ಡಿ.