ಹಳೆಯ ಲೆಕ್ಕ, ಹೊಸ ಕಂಪ್ಯೂಟರ್

ಆದವಾನಿಯ ಮಾರುಕಟ್ಟೆಗೆ ಸುತ್ತಲಿನ ಹಳ್ಳಿಗಳ ರೈತರು ಹತ್ತಿ ತರುತ್ತಾರೆ. ಅಲ್ಲಿ 2000ನೆಯ ಇಸವಿಯ ಸುಮಾರಿನ ಒಂದು ದಲಾಲಿ ಅಂಗಡಿಯನ್ನು ಊಹಿಸಿಕೊಳ್ಳಿರಿ. ರೈತರ ಲೆಕ್ಕವೆಲ್ಲ ಹಳೆಯ ಡಾಸ್ ಪ್ರೋಗ್ರಾಮಿನಲ್ಲಿದೆ. ಅಂಗಡಿಗೆ ವಿಂಡೋಸ್ ಇರುವ ಹೊಸ ಕಂಪ್ಯೂಟರ್ ಬಂದಿತು. ಅದರಲ್ಲಿ ಲೆಕ್ಕ ತೆರೆದರೆ "ಮೆಮೊರಿ ಸಾಲದು" ಎಂಬ ಸೂಚನೆ! ಲೆಕ್ಕ ಸಿಗದಿದ್ದರೆ ರೈತರಿಗೆ ಹಣ ಕೊಡುವುದು ಹೇಗೆ? ಹೊಸ ಯಂತ್ರದಲ್ಲಿ ಮೆಮೊರಿ ಹೆಚ್ಚಾಗಿಯೇ ಇದೆ. ಹಾಗಾದರೆ ತೊಂದರೆ ಎಲ್ಲಿದೆ?

ಗುಮಾಸ್ತನು ಬೀರುವಿನಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು ಬರೆಯುತ್ತಾನೆ. ಕಂಪ್ಯೂಟರಿಗೆ ಮೆಮೊರಿಯೇ ಮೇಜು, ಹಾರ್ಡ್ ಡಿಸ್ಕೇ ಬೀರು. ಮೇಜು ತುಂಬಿದಾಗ ಸದ್ಯಕ್ಕೆ ಬೇಡವಾದ ಪುಸ್ತಕಗಳನ್ನು ಅವನು ಬೀರುವಿನ ಒಂದು ಖಾನೆಯಲ್ಲಿಡುತ್ತಾನೆ. ಬೇಕಾದಾಗ ಮತ್ತೆ ತರುತ್ತಾನೆ. ವಿಂಡೋಸ್ ಕೂಡ ಹೀಗೆಯೇ ಡಿಸ್ಕಿನ ಸ್ವಲ್ಪ ಜಾಗವನ್ನು ಮೆಮೊರಿಯಂತೆ ಬಳಸುತ್ತದೆ. ಇದಕ್ಕೆ ವರ್ಚುವಲ್ ಮೆಮೊರಿ ಎಂದು ಹೆಸರು. ಇದರಿಂದ ಪ್ರೋಗ್ರಾಮಿಗೆ ಮೇಜು ಬಹು ದೊಡ್ಡದಾಗಿ ಕಾಣುತ್ತದೆ.

ಡಾಸ್ ಬಂದದ್ದು 1981ರಲ್ಲಿ. ಆಗ ಪ್ರೋಗ್ರಾಮುಗಳಿಗೆ ಸಿಗುತ್ತಿದ್ದ ಮೆಮೊರಿ ಹೆಚ್ಚೆಂದರೆ 640 ಕಿಲೋಬೈಟ್. ಅದರಲ್ಲಿ ಸುಮಾರು ಆರೂವರೆ ಲಕ್ಷ ಇಂಗ್ಲಿಷ್ ಅಕ್ಷರಗಳನ್ನು ಇಡಬಹುದು. ಮುಂದೆ ಇದಕ್ಕಿಂತ ಹೆಚ್ಚು ಮೆಮೊರಿ ಬಳಸುವ ಡಾಸ್ ಪ್ರೋಗ್ರಾಮುಗಳೂ ಬಂದವು. ಆದರೆ ಮೆಮೊರಿ ಇಷ್ಟೊಂದು ಬೆಳೆಯುತ್ತದೆಂದು ಅವುಗಳನ್ನು ಬರೆದವರು ಎಣಿಸಿರಲಿಲ್ಲ.

ಹಳೆಯ ಲಾರಿಯ ಮೀಟರನ್ನು ನೆನೆಯಿರಿ. ಅದರಲ್ಲಿ ಐದೇ ಅಂಕಿಗಳಿವೆ. 99999 ಆದ ಮೇಲೆ ಒಂದು ಕಿಲೋಮೀಟರ್ ಓಡಿದರೆ 00000 ಎಂದು ತೋರಿಸುತ್ತದೆ. ಲಾರಿ ಓಡಿಯೇ ಇಲ್ಲವೇನೋ ಎನಿಸುತ್ತದೆ! ಕೆಲವು ಹಳೆಯ ಪ್ರೋಗ್ರಾಮುಗಳೂ ಹೀಗೆಯೇ ಎಣಿಕೆ ತಪ್ಪುತ್ತವೆ. ಬಹಳ ಮೆಮೊರಿ ಕಂಡು, ಏನೂ ಇಲ್ಲವೆನ್ನುತ್ತವೆ.

ಇದಕ್ಕೆ ಉಪಾಯವುಂಟು. ವಿಂಡೋಸ್ 95, 98 ಮತ್ತು ಎಕ್ಸ್‌ಪಿಗಳಲ್ಲಿ ಪ್ರೋಗ್ರಾಮಿನ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಬೇಕು. ಪ್ರಾಪರ್ಟೀಸ್ ತೆರೆದು ಮೆಮೊರಿ ಪುಟಕ್ಕೆ ಹೋಗಬೇಕು. ಅಲ್ಲಿ 8192 ಕಿಲೋಬೈಟ್‌ನಂತಹ ಒಂದು ಮಿತಿಯನ್ನು ಆರಿಸಬೇಕು. ಆಗ ಪ್ರೋಗ್ರಾಮಿಗೆ ಅಷ್ಟೇ ಮೆಮೊರಿ ಕಾಣುತ್ತದೆ. ಎಣಿಕೆ ಸರಿಯಾಗುತ್ತದೆ, ಲೆಕ್ಕವೂ ತೆರೆಯುತ್ತದೆ.

ಇಂದಿನ 64 ಬಿಟ್ ವಿಂಡೋಸಿನಲ್ಲಿ ಡಾಸ್ ಪ್ರೋಗ್ರಾಮುಗಳು ನೇರವಾಗಿ ನಡೆಯುವುದಿಲ್ಲ. ಡಾಸ್‌ಬಾಕ್ಸ್ ಎಂಬ ಉಚಿತ ಪ್ರೋಗ್ರಾಂ ಅವುಗಳಿಗಾಗಿ ಹಳೆಯ ಕಂಪ್ಯೂಟರಿನಂತೆ ನಟಿಸುತ್ತದೆ. ಅದರಲ್ಲಿಯೂ ಮೆಮೊರಿಯ ಮಿತಿಯನ್ನು ನಾವೇ ಬರೆಯಬಹುದು.

ಹೊಸ ಯಂತ್ರ ಬಂದಿತೆಂದು ಹಳೆಯ ಲೆಕ್ಕವನ್ನು ಬಿಡಬೇಕಾಗಿಲ್ಲ. ಅದಕ್ಕೆ ಒಗ್ಗುವಷ್ಟು ಮೇಜನ್ನು ಹಾಕಿಕೊಟ್ಟರೆ ಸಾಕು.